ಪೂಜೆಯ ನಡುವೆ ಕೀಬೋರ್ಡಿನ ದನಿ ಬದಲಿಸುವ ಬಗೆ

ಗಾನವೃಂದದ ಯುವಜನರಿಗೆ ಒಂದು ಪಾಠ



ಪರಿಗಿ, ಹಿಂದೂಪುರ, ಮಡಕಶಿರಾ ಕಡೆಯ ನಮ್ಮ ಮನೆಗಳಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ದೇವಾಲಯದಲ್ಲಿ ಎರಡೂ. ಧರ್ಮಕ್ಷೇತ್ರದ ಹೆಚ್ಚಿನ ಜನರ ಭಾಷೆ ತೆಲುಗು. ಆದ್ದರಿಂದ ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಪಾಲಿಗೆ ಬರುವುದು ಒಂದೆರಡು ಕನ್ನಡ ಗೀತೆಗಳು, ಹೆಚ್ಚೆಂದರೆ ಮೂರು. ಅಷ್ಟಾದರೂ ಇದೆಯಲ್ಲ ಎಂದು ನಮ್ಮ ಹಿರಿಯರು ಸಂತೋಷಪಡುತ್ತಾರೆ. ಪುಸ್ತಕ ನೋಡದೆ ಬಾಯಿಪಾಠದಿಂದ ಹಾಡುವ ಅಜ್ಜಿಯರು ಆ ಗೀತೆಗಾಗಿಯೇ ಕಾದಿರುತ್ತಾರೆ.

ಈಗ ಯೋಚಿಸಿ. ಪ್ರವೇಶ ಗೀತೆ ತೆಲುಗಿನಲ್ಲಿ ಜೋರಾಗಿ ಆಯಿತು. ಕಾಣಿಕೆ ಗೀತೆ ಕನ್ನಡದ್ದು, ಅದಕ್ಕೆ ಹಾರ್ಮೋನಿಯಂ ದನಿ ಬೇಕು. ಕೀಬೋರ್ಡಿನಲ್ಲಿ ಇನ್ನೂ ಆರ್ಗನ್ ದನಿಯೇ ಇದೆ. ನುಡಿಸುವವರು ತಲೆ ತಗ್ಗಿಸಿ ಸಂಖ್ಯೆ ಹುಡುಕುತ್ತಾರೆ. ಒಂದು ಸಲ ಶಹನಾಯಿ ಬರುತ್ತದೆ, ಇನ್ನೊಂದು ಸಲ ಗಿಟಾರ್ ಬರುತ್ತದೆ. ಅಷ್ಟರಲ್ಲಿ ಕಾಣಿಕೆ ತಂದವರು ಪೀಠದ ಹತ್ತಿರ ಬಂದಾಗಿದೆ. ಯಾರೋ ಒಬ್ಬರು ತೋಚಿದ ಶ್ರುತಿಯಲ್ಲಿ ಹಾಡು ಎತ್ತುತ್ತಾರೆ, ಅರ್ಧ ಜನ ಸುಮ್ಮನಾಗುತ್ತಾರೆ. ಕನ್ನಡಕ್ಕೆ ಸಿಕ್ಕ ಮೂರು ಗೀತೆಗಳಲ್ಲಿ ಒಂದು ಹೀಗೆ ಕೈಜಾರಿ ಹೋಗುತ್ತದೆ. ಹೀಗೆ ಎರಡು ಮೂರು ಭಾನುವಾರ ಆದರೆ, ಕನ್ನಡ ಹಾಡಿಗೆ ತಯಾರಿ ಸಾಲದು, ತೆಲುಗಿನದೇ ಹಾಡೋಣ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಆದ್ದರಿಂದ ಈ ತಿಂಗಳ ಪಾಠಕ್ಕೆ ನಾವು ಚಿಕ್ಕದಾಗಿ ಕಾಣುವ ಈ ವಿಷಯವನ್ನೇ ಆರಿಸಿದ್ದೇವೆ. ಪಾಠದ ಗುರಿ ಒಂದೇ: ದನಿ ಬದಲಿಸುವ ಕೆಲಸವನ್ನು ಶನಿವಾರವೇ ಮುಗಿಸಿಟ್ಟು, ಭಾನುವಾರ ಕಣ್ಣು ಪೀಠದ ಮೇಲೆ, ಕಿವಿ ಜನರ ಹಾಡಿನ ಮೇಲೆ ಇರುವಂತೆ ಮಾಡಿಕೊಳ್ಳುವುದು.

1. ಸಂತ ಪೌಲರು ಹೇಳಿದ ಮಾತು

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೇ ಅಧ್ಯಾಯವನ್ನು ತೆರೆದು ನೋಡಿ. ಹಲವು ಭಾಷೆಗಳು ಕೇಳಿಬರುತ್ತಿದ್ದ ಸಭೆಗೆ ಪೌಲರು ಬುದ್ಧಿ ಹೇಳುತ್ತಿದ್ದಾರೆ. 7 ಮತ್ತು 8ನೇ ವಚನಗಳಲ್ಲಿ ಅವರು ವಾದ್ಯಗಳ ಉದಾಹರಣೆ ಕೊಡುತ್ತಾರೆ. ಕೊಳಲಾಗಲಿ ವೀಣೆಯಾಗಲಿ ಸ್ವರಗಳನ್ನು ಸ್ಪಷ್ಟವಾಗಿ ಹೊರಡಿಸದಿದ್ದರೆ ಏನು ನುಡಿಸುತ್ತಿದ್ದಾರೆಂದು ಯಾರಿಗೂ ತಿಳಿಯದು. ಕಹಳೆ ಅಸ್ಪಷ್ಟವಾಗಿ ಊದಿದರೆ ಯಾರೂ ಯುದ್ಧಕ್ಕೆ ಸಿದ್ಧರಾಗರು ಎಂಬುದು ಅವರ ಮಾತಿನ ತಾತ್ಪರ್ಯ.

ಕೀಬೋರ್ಡ್ ನುಡಿಸುವವರಿಗೆ ಇದು ನೇರವಾಗಿ ತಗಲುವ ಮಾತು. ಗೀತೆಗೆ ಮುಂಚಿನ ಪೀಠಿಕೆ ಜನರಿಗೆ ಮೂರು ವಿಷಯ ಹೇಳಬೇಕು: ಯಾವ ಹಾಡು, ಯಾವ ಶ್ರುತಿ, ಯಾವ ನಡೆ. ಎರಡು ಭಾಷೆಯ ಸಭೆಯಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಮುಂದಿನದು ಯಾವ ಭಾಷೆಯ ಹಾಡು ಎಂದು ಜನ ತಿಳಿದುಕೊಳ್ಳುವುದೂ ಆ ಪೀಠಿಕೆಯಿಂದಲೇ. ತಪ್ಪು ದನಿ ಬಂದರೆ, ಅಥವಾ ತಡವಾಗಿ ಬಂದರೆ, ಆ ಮೂರೂ ತಿಳಿಯುವುದಿಲ್ಲ.

2. ಎಷ್ಟು ಸಮಯ ಸಿಗುತ್ತದೆ?

ಲೆಕ್ಕ ಹಾಕೋಣ. ನಿಮಿಷಕ್ಕೆ 72 ಬಡಿತದ ನಡೆಯಲ್ಲಿ ಒಂದು ಬಡಿತಕ್ಕೆ 60 ಭಾಗಿಸು 72, ಅಂದರೆ ಸುಮಾರು 0.83 ಸೆಕೆಂಡು. ಪಲ್ಲವಿಯ ಕೊನೆಯ ಸ್ವರ ಎರಡು ಬಡಿತ ನಿಂತರೆ ನಮಗೆ ಸಿಗುವುದು ಒಂದೂಮುಕ್ಕಾಲು ಸೆಕೆಂಡಿಗಿಂತ ಕಡಿಮೆ. ನಡೆ 120 ಆದರೆ ಅದೇ ಎರಡು ಬಡಿತಕ್ಕೆ ಒಂದೇ ಸೆಕೆಂಡು.

ಸಾಮಾನ್ಯ ಕೀಬೋರ್ಡಿನಲ್ಲಿ ಹೊಸ ದನಿ ಬೇಕಾದರೆ ಮೊದಲು ವಾಯ್ಸ್ ಗುಂಡಿ, ಆಮೇಲೆ ಮೂರು ಅಂಕೆ, ಆಮೇಲೆ ಸರಿಯಾಯಿತೇ ಎಂದು ಪರದೆ ನೋಡುವುದು. ಒಂದು ಸೆಕೆಂಡಿನಲ್ಲಿ ಇಷ್ಟು ಆಗದು. ಆದರೆ ಅದೇ ಸಮಯದಲ್ಲಿ ಒಂದು ಗುಂಡಿ ಒತ್ತುವುದು ಎಲ್ಲರಿಂದಲೂ ಆಗುತ್ತದೆ. ಆದ್ದರಿಂದ ಬೆರಳಿನ ವೇಗ ಹೆಚ್ಚಿಸಲು ಹೋಗಬೇಡಿ. ಒತ್ತಬೇಕಾದ ಗುಂಡಿಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಿ.

3. ರಿಜಿಸ್ಟ್ರೇಶನ್ ಎಂಬ ಮಾತು ದೇವಾಲಯದ್ದೇ

ಯಮಹಾ, ಕ್ಯಾಸಿಯೊ ಕೀಬೋರ್ಡುಗಳ ಮೇಲೆ ‘ರಿಜಿಸ್ಟ್ರೇಶನ್’ ಎಂದು ಬರೆದ ಗುಂಡಿಗಳನ್ನು ನೀವು ನೋಡಿರಬಹುದು. ಈ ಮಾತು ಬಂದದ್ದು ಕೊಳವೆ ಆರ್ಗನ್ನಿನಿಂದ. ಆರ್ಗನ್ನಿನಲ್ಲಿ ಪ್ರತಿಯೊಂದು ಸಾಲು ಕೊಳವೆಗೆ ಬೇರೆ ದನಿ. ಆ ಸಾಲನ್ನು ತೆರೆಯುವ ಹಿಡಿಗೆ ಸ್ಟಾಪ್ ಎಂದು ಹೆಸರು. ಯಾವ ಗೀತೆಗೆ ಯಾವ ಸ್ಟಾಪುಗಳನ್ನು ತೆರೆಯಬೇಕೆಂದು ಆರಿಸುವ ಕಲೆಯೇ ರಿಜಿಸ್ಟ್ರೇಶನ್. ನುಡಿಸುವವರ ಎರಡು ಕೈಗಳೂ ಮನೆಗಳ ಮೇಲೆ ಇರುತ್ತಿದ್ದುದರಿಂದ ಪಕ್ಕದಲ್ಲಿ ಸಹಾಯಕರು ನಿಂತು ಸ್ಟಾಪುಗಳನ್ನು ಎಳೆಯುತ್ತಿದ್ದರು. ದೊಡ್ಡ ಆರ್ಗನ್ನುಗಳಲ್ಲಿ ಈಗಲೂ ಕೆಲವೊಮ್ಮೆ ಹಾಗೆ ನಿಲ್ಲುತ್ತಾರೆ. 19ನೇ ಶತಮಾನದ ಹೊತ್ತಿಗೆ ಆರ್ಗನ್ ಕಟ್ಟುವವರು ಮನೆಗಳ ಕೆಳಗೆ ಚಿಕ್ಕ ಗುಂಡಿಗಳನ್ನು, ಕಾಲಿನ ಬಳಿ ಕೀಲುಗಳನ್ನು ಇಟ್ಟರು. ಮೊದಲೇ ಗೊತ್ತುಮಾಡಿದ ಸ್ಟಾಪುಗಳೆಲ್ಲ ಒಂದೇ ಒತ್ತಿಗೆ ತೆರೆದುಕೊಳ್ಳುವಂತಾಯಿತು.

ವಿದ್ಯುತ್ ಸಿಂಥಸೈಜರ್ ಬಂದಾಗ ಇದೇ ತೊಂದರೆ ಮತ್ತೆ ಬಂತು. 1960ರ ದಶಕದ ದೊಡ್ಡ ಮೂಗ್ ಸಿಂಥಸೈಜರುಗಳಲ್ಲಿ ದನಿ ಬದಲಿಸಲು ತಂತಿಗಳನ್ನು ಕಿತ್ತು ಬೇರೆ ಕಡೆ ಚುಚ್ಚಬೇಕಿತ್ತು. 1978ರಲ್ಲಿ ಡೇವ್ ಸ್ಮಿತ್ ಅವರ ಪ್ರಾಫೆಟ್-5 ಎಂಬ ವಾದ್ಯ 40 ದನಿಗಳನ್ನು ನೆನಪಿನಲ್ಲಿಟ್ಟುಕೊಂಡು ಒತ್ತಿದ ಕೂಡಲೇ ಕೊಡತೊಡಗಿತು. ಅದೇ ಸ್ಮಿತ್ ಅವರೂ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಅವರೂ ಸೇರಿ ಬೇರೆ ಬೇರೆ ಕಂಪನಿಯ ವಾದ್ಯಗಳು ಮಾತಾಡಿಕೊಳ್ಳುವ ಮಿಡಿ ಎಂಬ ಭಾಷೆಯನ್ನು 1983ರಲ್ಲಿ ಬಳಕೆಗೆ ತಂದರು. ನಮ್ಮ ಸಣ್ಣ ಕೀಬೋರ್ಡಿನ ಒಂದು ಗುಂಡಿಯ ಹಿಂದೆ ಇಷ್ಟು ಜನರ ಶ್ರಮ ಇದೆ. ಅದನ್ನು ಬಳಸದೆ ಬಿಡುವುದು ನಷ್ಟ.

ಎಷ್ಟು ನೆನಪು ಸಿಗುತ್ತದೆ ಎಂಬುದು ಮಾದರಿಯ ಮೇಲೆ ಹೋಗುತ್ತದೆ. ಉದಾಹರಣೆಗೆ ಯಮಹಾ ಪಿಎಸ್‌ಆರ್-ಇ463 ಮಾದರಿಯಲ್ಲಿ ನಾಲ್ಕು ಗುಂಡಿ, 8 ಬ್ಯಾಂಕು, ಒಟ್ಟು 32. ಒಂದು ಗುಂಡಿಯಲ್ಲಿ ಮುಖ್ಯ ದನಿ, ಅದರ ಜೊತೆಗಿನ ಎರಡನೇ ದನಿ, ಎಡಗೈಯ ದನಿ, ತಾಳ, ನಡೆ, ಶ್ರುತಿ ಎಲ್ಲವೂ ಉಳಿಯುತ್ತವೆ. ಬೇರೆ ಕಂಪನಿಗಳಲ್ಲಿ ಇದಕ್ಕೆ ಬೇರೆ ಹೆಸರು ಇರಬಹುದು, ಕೆಲಸ ಒಂದೇ.

4. ಮೊದಲು ದನಿಗಳನ್ನು ಕಡಿಮೆ ಮಾಡಿ

ಕೀಬೋರ್ಡಿನಲ್ಲಿ ನೂರಾರು ದನಿ ಇದೆ ಎಂದು ಎಲ್ಲವನ್ನೂ ಪೂಜೆಗೆ ತರಬೇಕಾಗಿಲ್ಲ. ಒಂದು ಬಲಿಪೂಜೆಗೆ ಐದು ದನಿ ಸಾಕು: ಆರ್ಗನ್, ಪಿಯಾನೊ, ತಂತಿವಾದ್ಯಗಳ ಸ್ಟ್ರಿಂಗ್ಸ್, ಹಾರ್ಮೋನಿಯಂ, ಕೊಳಲು. ದನಿ ಕಡಿಮೆಯಾದಷ್ಟೂ ಬದಲಿಸುವ ಸಂದರ್ಭ ಕಡಿಮೆ, ತಪ್ಪುವ ಸಂದರ್ಭವೂ ಕಡಿಮೆ.

ಆರಿಸುವಾಗ ಧರ್ಮಸಭೆಯ ಅಳತೆಗೋಲು ನೆನಪಿರಲಿ. 1903ರ ನವೆಂಬರ್ 22ರಂದು, ಸಂತ ಸಿಸಿಲಿಯಾ ಹಬ್ಬದ ದಿನ, ಪೋಪ್ ಸಂತ ಹತ್ತನೇ ಪಯಸ್ ಅವರು ಪವಿತ್ರ ಸಂಗೀತದ ಬಗ್ಗೆ ಹೊರಡಿಸಿದ ಆದೇಶದಲ್ಲಿ ದೇವಾಲಯದೊಳಗೆ ಪಿಯಾನೊ ನುಡಿಸುವುದನ್ನೇ ತಡೆದಿದ್ದರು. ಆಗಿನ ಯೂರೋಪಿನಲ್ಲಿ ಪಿಯಾನೊ ಕೇಳಿದರೆ ಜನರಿಗೆ ಮನರಂಜನೆಯ ಕೂಟ ನೆನಪಾಗುತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನದ 120ನೇ ಕಲಮು ಬಾಗಿಲನ್ನು ಅಗಲ ಮಾಡಿತು. ಕೊಳವೆ ಆರ್ಗನ್ನಿಗೆ ಗೌರವದ ಸ್ಥಾನ ಹಾಗೆಯೇ ಉಳಿಯಿತು. ಬೇರೆ ವಾದ್ಯಗಳೂ ಅಧಿಕಾರಿಗಳ ಒಪ್ಪಿಗೆಯಿಂದ ಬರಬಹುದು ಎಂದಾಯಿತು. ಆದರೆ ಅವು ಪವಿತ್ರ ಬಳಕೆಗೆ ತಕ್ಕವಾಗಿರಬೇಕು, ದೇವಾಲಯದ ಘನತೆಗೆ ಒಪ್ಪಬೇಕು, ಭಕ್ತರ ವಿಶ್ವಾಸವನ್ನು ನಿಜವಾಗಿ ಬೆಳೆಸಬೇಕು. ನಮ್ಮ ಹಾರ್ಮೋನಿಯಂ, ಕೊಳಲು, ತಬಲಾ ಪೂಜೆಯಲ್ಲಿ ಸಲೀಸಾಗಿ ಕೂತಿರುವುದಕ್ಕೆ ಈ ಬಾಗಿಲೇ ದಾರಿ.

ಯಾವುದೇ ದನಿಯನ್ನು ಪಟ್ಟಿಗೆ ಸೇರಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಕೇಳಿದಾಗ ಜನರಿಗೆ ಗೀತೆ ನೆನಪಾಗುತ್ತದೆಯೋ, ಸಿನಿಮಾ ನೆನಪಾಗುತ್ತದೆಯೋ?

5. ಪೂಜೆಯ ಕ್ರಮದಲ್ಲೇ ಜೋಡಿಸಿ

ದನಿಗಳನ್ನು ವಾದ್ಯದ ಹೆಸರಿನ ಕ್ರಮದಲ್ಲಿ ಉಳಿಸಬೇಡಿ. ಬಲಿಪೂಜೆ ನಡೆಯುವ ಕ್ರಮದಲ್ಲಿ ಉಳಿಸಿ. ನಾಲ್ಕು ಗುಂಡಿಯ ಕೀಬೋರ್ಡಿಗೆ ನಾವು ಸೂಚಿಸುವ ಜೋಡಣೆ ಇದು.

ಬ್ಯಾಂಕ್ 1, ದೇವರ ವಾಕ್ಯದ ವಿಧಿ ಮುಗಿಯುವವರೆಗೆ:
ಗುಂಡಿ 1: ಪ್ರವೇಶ ಗೀತೆ. ಆರ್ಗನ್, ಜೊತೆಗೆ ಸ್ವಲ್ಪ ಸ್ಟ್ರಿಂಗ್ಸ್.
ಗುಂಡಿ 2: ಪ್ರಭುವೇ ದಯೆತೋರು. ಸ್ಟ್ರಿಂಗ್ಸ್ ಮಾತ್ರ, ಮೆತ್ತಗೆ.
ಗುಂಡಿ 3: ಮಹಿಮಾಗೀತೆ. ತುಂಬಿದ ಆರ್ಗನ್. ಅಲ್ಲೆಲೂಯ ಘೋಷಣೆಗೂ ಇದೇ.
ಗುಂಡಿ 4: ಕೀರ್ತನೆ. ಎಡಗೈಗೆ ಸ್ಟ್ರಿಂಗ್ಸ್, ಬಲಗೈಗೆ ಕೊಳಲು.

ಬ್ಯಾಂಕ್ 2, ಕಾಣಿಕೆಯಿಂದ ಕೊನೆಯವರೆಗೆ:
ಗುಂಡಿ 1: ಕಾಣಿಕೆ ಗೀತೆ. ಹಾರ್ಮೋನಿಯಂ.
ಗುಂಡಿ 2: ಪರಿಶುದ್ಧ ಪರಿಶುದ್ಧ, ಮಹಾ ಆಮೆನ್. ಆರ್ಗನ್.
ಗುಂಡಿ 3: ದೇವರ ಕುರಿಮರಿ ಮತ್ತು ಪರಮಪ್ರಸಾದ ಗೀತೆ. ಎಡಗೈಗೆ ಸ್ಟ್ರಿಂಗ್ಸ್, ಬಲಗೈಗೆ ಪಿಯಾನೊ.
ಗುಂಡಿ 4: ಸಮಾಪ್ತಿ ಗೀತೆ. ಆರ್ಗನ್ ಅಥವಾ ಪಿಯಾನೊ.

ನೋಡಿ, ಇಡೀ ಪೂಜೆಗೆ ಎಂಟು ಜಾಗ ಸಾಕಾಯಿತು. ಬ್ಯಾಂಕ್ ಬದಲಿಸುವುದು ಒಂದೇ ಸಲ. ಅದನ್ನು ಪ್ರಬೋಧನೆಯ ಮುಂಚೆಯೇ, ಅಲ್ಲೆಲೂಯ ಮುಗಿದ ಕೂಡಲೇ ಮಾಡಿಬಿಡಬಹುದು. ಗುಂಡಿಯ ಮೇಲೆ ಸಣ್ಣ ಕಾಗದ ಅಂಟಿಸಿ ‘ಪ್ರವೇಶ’, ‘ದಯೆ’, ‘ಮಹಿಮೆ’, ‘ಕೀರ್ತನೆ’ ಎಂದು ಬರೆಯಿರಿ. ಹಾಡಿನ ಹಾಳೆಯಲ್ಲಿ ಪ್ರತಿ ಗೀತೆಯ ತಲೆಯ ಮೇಲೆ ಬ್ಯಾಂಕು, ಗುಂಡಿ, ಶ್ರುತಿ, ನಡೆ ನಾಲ್ಕನ್ನೂ ಕೆಂಪು ಶಾಯಿಯಲ್ಲಿ ಬರೆಯಿರಿ. ಹೀಗೆ ಮಾಡಿದರೆ ನೀವು ಊರಿಗೆ ಹೋದ ಭಾನುವಾರ ತೆಲುಗು ಗಾನವೃಂದದ ಅಣ್ಣನೋ ಅಕ್ಕನೋ ಬಂದು ಕೂತರೂ ಕನ್ನಡ ಗೀತೆ ಸರಿಯಾದ ದನಿಯಲ್ಲೇ ಶುರುವಾಗುತ್ತದೆ.

6. ಯಾವ ಗಳಿಗೆಯಲ್ಲಿ ಒತ್ತಬೇಕು?

ಬಲಿಪೂಜೆ ತಾನೇ ನಮಗೆ ಸಮಯ ಕೊಡುತ್ತದೆ. ಗುರುಗಳು ಗಟ್ಟಿಯಾಗಿ ಪ್ರಾರ್ಥಿಸುವಾಗ ಆರ್ಗನ್ ಮುಂತಾದ ವಾದ್ಯಗಳು ಮೌನವಾಗಿರಬೇಕು ಎಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 32ನೇ ಕಲಮು ಹೇಳುತ್ತದೆ. ಈ ಮೌನಗಳೇ ನಮ್ಮ ಬದಲಾವಣೆಯ ಜಾಗಗಳು. ಸೂತ್ರ ಹೀಗಿದೆ: ಒಂದು ಗೀತೆಯ ಕೊನೆಯ ಸ್ವರ ಪೂರ್ತಿ ಆರಿದ ತಕ್ಷಣ ಮುಂದಿನ ಗೀತೆಯ ಗುಂಡಿ ಒತ್ತಿಬಿಡಿ. ಗೀತೆ ಶುರುವಾಗುವ ಹೊತ್ತಿಗೆ ಒತ್ತೋಣ ಎಂದು ಕಾಯಬೇಡಿ. ಪ್ರವೇಶ ಗೀತೆ ಮುಗಿದ ಮೇಲೆ ಶಿಲುಬೆಯ ಗುರುತು, ಪಾಪನಿವೇದನೆ ಎಲ್ಲ ಆಗುವಷ್ಟು ಹೊತ್ತಿದೆ. ಕಾಣಿಕೆ ಗೀತೆಯಿಂದ ‘ಪರಿಶುದ್ಧ’ದವರೆಗೆ ಕಾಣಿಕೆಯ ಪ್ರಾರ್ಥನೆ ಮತ್ತು ಅವತರಣಿಕೆ ಇವೆ.

ಇಕ್ಕಟ್ಟಾಗುವುದು ಎರಡು ಕಡೆ. ಮೊದಲನೆಯದು ‘ದಯೆತೋರು’ ಮುಗಿದು ಮಹಿಮಾಗೀತೆ ಶುರುವಾಗುವ ಜಾಗ. ಅಲ್ಲಿ ನಡುವೆ ಏನೂ ಇಲ್ಲ. ಎರಡನೆಯದು ವಾರದ ದಿನಗಳಲ್ಲಿ ಕೀರ್ತನೆ ಮತ್ತು ಅಲ್ಲೆಲೂಯ. ಎರಡನೇ ವಾಚನ ಇಲ್ಲದ್ದರಿಂದ ಒಂದರ ಹಿಂದೆ ಒಂದು ಬರುತ್ತವೆ. ಈ ಎರಡು ಜಾಗಗಳಿಗಾಗಿಯೇ ಗುಂಡಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿದ್ದೇವೆ: ‘ದಯೆ’ 2, ‘ಮಹಿಮೆ’ 3, ‘ಕೀರ್ತನೆ’ 4. ಬೆರಳು ಒಂದು ಗುಂಡಿ ಆಚೆ ಅಥವಾ ಈಚೆ ಹೋದರೆ ಸಾಕು, ನೋಡಬೇಕಾಗಿಲ್ಲ.

ಇನ್ನೊಂದು ಮಾತು. ಗುರುಗಳು ಪರಮಪ್ರಸಾದದ ಪ್ರಾರ್ಥನೆ ಹೇಳುವಾಗ ಹಿನ್ನೆಲೆಯಲ್ಲಿ ಮೆತ್ತಗೆ ನುಡಿಸುವ ಅಭ್ಯಾಸ ಅಲ್ಲಲ್ಲಿ ಇದೆ. ಕೇಳಲು ಇಂಪಾಗಿದ್ದರೂ ಮೇಲೆ ಹೇಳಿದ ನಿಯಮದ ಪ್ರಕಾರ ಅಲ್ಲಿ ವಾದ್ಯ ಸುಮ್ಮನಿರಬೇಕು. ಆ ಹೊತ್ತಿನಲ್ಲಿ ಕೈ ಮಡಿಚಿ ನಾವೂ ಪ್ರಾರ್ಥಿಸೋಣ. ನಾವೂ ಪೂಜೆಗೆ ಬಂದವರೇ ತಾನೇ.

7. ಗೀತೆಯ ನಡುವೆ ಬದಲಿಸಬೇಕಾದರೆ

ಪಲ್ಲವಿಗೆ ಒಂದು ದನಿ, ಚರಣಗಳ ನಡುವಿನ ಸಂಗೀತಕ್ಕೆ ಕೊಳಲು, ಹೀಗೆ ಬೇಕೆಂದು ಹಲವರು ಬಯಸುತ್ತಾರೆ. ಇದಕ್ಕೆ ನಾಲ್ಕು ದಾರಿಗಳಿವೆ. ಸುಲಭದ್ದು ಮೊದಲು.

ಒಂದು, ಬದಲಿಸದೇ ಇರುವುದು. ಅದೇ ದನಿಯಲ್ಲಿ ಒಂದು ಸ್ಥಾಯಿ ಮೇಲೆ ನುಡಿಸಿದರೆ, ಅಥವಾ ಎಡಗೈ ನಿಲ್ಲಿಸಿ ಬಲಗೈ ಮಾತ್ರ ನುಡಿಸಿದರೆ, ಜನರಿಗೆ ಬೇರೆಯದೇ ಭಾವ ಬರುತ್ತದೆ. ಎಷ್ಟೋ ಸಲ ಇದೇ ಸಾಕು.

ಎರಡು, ಕೀಬೋರ್ಡನ್ನು ಎರಡು ಪಾಲು ಮಾಡುವುದು. ಸ್ಪ್ಲಿಟ್ ಎಂಬ ಗುಂಡಿ ಒತ್ತಿದರೆ ಎಡಭಾಗಕ್ಕೆ ಸ್ಟ್ರಿಂಗ್ಸ್, ಬಲಭಾಗಕ್ಕೆ ಕೊಳಲು. ಚರಣದಲ್ಲಿ ಎರಡು ಕೈಯೂ ಎಡಪಾಲಿನಲ್ಲಿ, ನಡುವಿನ ಸಂಗೀತಕ್ಕೆ ಬಲಗೈ ಆ ಕಡೆಗೆ. ಗುಂಡಿಯೇ ಬೇಡ. ಎರಡು ಪಾಲಿನ ಗಡಿಯ ಮನೆಯನ್ನು ಗೀತೆಯ ಶ್ರುತಿಗೆ ತಕ್ಕಂತೆ ಸರಿಸಿಕೊಳ್ಳಬೇಕು. ಇಲ್ಲದಿದ್ದರೆ ಎಡಗೈಗೆ ಮನೆ ಸಾಲುವುದಿಲ್ಲ.

ಮೂರು, ಬಲಗೈ ಸ್ವರ ಹಿಡಿದಿರುವಾಗ ಎಡಗೈಯಿಂದ ಗುಂಡಿ ಒತ್ತುವುದು. ಪಲ್ಲವಿಯ ಕೊನೆಯ ಸ್ವರ ನಿಂತಿರುವಾಗ ಎಡಗೈಗೆ ಬಿಡುವು ಇರುವಂತೆ ನುಡಿಸುವ ರೀತಿಯನ್ನೇ ಹೊಂದಿಸಿಕೊಳ್ಳಿ. ಗಾಯಕರ ಧ್ವನಿ ತುಂಬಿರುವ ಕಡೆ ಬದಲಿಸಿದರೆ ಚಿಕ್ಕ ಬಿರುಕು ಯಾರಿಗೂ ಕೇಳಿಸದು.

ನಾಲ್ಕು, ಕಾಲಿನ ಪೆಡಲ್. ಕೆಲವು ದೊಡ್ಡ ಮಾದರಿಗಳಲ್ಲಿ ಪೆಡಲ್ ಒತ್ತಿದಾಗ ಮುಂದಿನ ರಿಜಿಸ್ಟ್ರೇಶನ್ ಬರುವಂತೆ ಹೊಂದಿಸಬಹುದು. ಪೂಜೆಯ ಕ್ರಮದಲ್ಲಿ ಉಳಿಸಿದ್ದರೆ ಇದು ಬಹಳ ಅನುಕೂಲ. ಹಲವು ಸಣ್ಣ ಮಾದರಿಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಅದಕ್ಕಾಗಿ ಹೊಸ ವಾದ್ಯ ಕೊಳ್ಳುವ ಅಗತ್ಯವೂ ಇಲ್ಲ.

8. ಬದಲಿಸಿದಾಗ ದನಿ ಕತ್ತರಿಸಿದಂತೆ ಏಕೆ ಆಗುತ್ತದೆ?

ಪೆಡಲ್ ಒತ್ತಿ ಹಿಡಿದಿದ್ದರೂ ಗುಂಡಿ ಒತ್ತಿದ ಕೂಡಲೇ ಹಳೆಯ ಸ್ವರ ಟಕ್ಕೆಂದು ನಿಲ್ಲುವುದನ್ನು ನೀವು ಕೇಳಿರಬಹುದು. ಕಾರಣ ಇದು. ಪ್ರತಿ ದನಿಯ ಜೊತೆಗೆ ಅದರದೇ ಪ್ರತಿಧ್ವನಿ, ಕೋರಸ್ ಮುಂತಾದ ಅಲಂಕಾರಗಳು ಇರುತ್ತವೆ. ಸಣ್ಣ ಕೀಬೋರ್ಡಿನಲ್ಲಿ ಆ ಅಲಂಕಾರ ಮಾಡುವ ಭಾಗ ಒಂದೇ ಇರುತ್ತದೆ. ಹೊಸ ದನಿ ಬಂದಾಗ ಅದು ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಬೇಕು. ಆ ಕ್ಷಣದಲ್ಲಿ ಹಳೆಯ ದನಿಯ ಬಾಲ ಕತ್ತರಿಸಿಹೋಗುತ್ತದೆ. ಕೋರ್ಗ್ ಕ್ರೋನೋಸ್, ಯಮಹಾ ಮೊಂಟಾಜ್‌ನಂಥ ದುಬಾರಿ ವಾದ್ಯಗಳು ಹಳೆಯ ದನಿಯನ್ನು ಆರುವವರೆಗೆ ಬಿಟ್ಟು ಹೊಸದನ್ನು ಪಕ್ಕದಲ್ಲೇ ತರುತ್ತವೆ.

ನಮ್ಮ ವಾದ್ಯದಲ್ಲಿ ಇದಕ್ಕೆ ಪರಿಹಾರ ಸರಳ. ಅಕ್ಕಪಕ್ಕ ಬರುವ ದನಿಗಳಿಗೆ ಒಂದೇ ಬಗೆಯ ಪ್ರತಿಧ್ವನಿಯನ್ನು ಇಟ್ಟು ಉಳಿಸಿ. ಆಗ ಕತ್ತರಿಸುವುದು ಬಹಳಷ್ಟು ಕಡಿಮೆಯಾಗುತ್ತದೆ. ಉಳಿದದ್ದನ್ನು ಗಾಯಕರ ಉಸಿರಿನ ಜಾಗಕ್ಕೆ ಹೊಂದಿಸಿ. ಜನ ಉಸಿರೆಳೆಯುವಾಗ ವಾದ್ಯವೂ ಉಸಿರೆಳೆದರೆ ಅದು ಸಹಜವಾಗಿಯೇ ಕೇಳಿಸುತ್ತದೆ.

ದನಿ ಏಳುವ ವೇಗವನ್ನೂ ಗಮನಿಸಿ. ಪಿಯಾನೊ ಬೆರಳು ತಗಲಿದ ತಕ್ಷಣ ಏಳುತ್ತದೆ. ಸ್ಟ್ರಿಂಗ್ಸ್ ನಿಧಾನವಾಗಿ ಏರುತ್ತದೆ. ಪೀಠಿಕೆಯನ್ನು ಸ್ಟ್ರಿಂಗ್ಸ್‌ನಲ್ಲಿ ನುಡಿಸಿದರೆ ಬಡಿತ ಎಲ್ಲಿ ಬಿತ್ತೆಂದು ಜನರಿಗೆ ಗೊತ್ತಾಗದೆ ಹಾಡು ಎಳೆಯುತ್ತದೆ. ಪೀಠಿಕೆಗೆ ಪಿಯಾನೊ, ಆರ್ಗನ್ ಅಥವಾ ಹಾರ್ಮೋನಿಯಂ ಇರಲಿ. ಸ್ಟ್ರಿಂಗ್ಸ್ ಆಮೇಲೆ ಬರಲಿ.

9. ಕಾಲೆಳೆಯುವ ಐದು ಸಂಗತಿಗಳು

ಶ್ರುತಿ: ರಿಜಿಸ್ಟ್ರೇಶನ್ ಉಳಿಸುವಾಗ ಟ್ರಾನ್ಸ್‌ಪೋಸ್ ಕೂಡ ಉಳಿಯಬಹುದು. ತೆಲುಗು ಗೀತೆಗೆಂದು ಎರಡು ಮನೆ ಏರಿಸಿ ಉಳಿಸಿದ ಗುಂಡಿಯನ್ನು ಕನ್ನಡ ಗೀತೆಗೆ ಒತ್ತಿದರೆ ಹಾಡು ಎರಡು ಮನೆ ಮೇಲೆ ಹೋಗುತ್ತದೆ, ಹಿರಿಯರ ಗಂಟಲು ನಿಲುಕುವುದಿಲ್ಲ. ಎಲ್ಲ ಗುಂಡಿಗಳನ್ನೂ ಟ್ರಾನ್ಸ್‌ಪೋಸ್ ಸೊನ್ನೆಯಲ್ಲಿ ಇಟ್ಟು ಉಳಿಸುವುದು ಕ್ಷೇಮ.

ಗಾತ್ರ: ಒಂದೇ ಮಟ್ಟದಲ್ಲಿಟ್ಟರೂ ಆರ್ಗನ್ ಜೋರಾಗಿ, ಕೊಳಲು ಮೆತ್ತಗೆ ಕೇಳಬಹುದು. ಶನಿವಾರ ಒಬ್ಬರು ದೇವಾಲಯದ ಹಿಂದಿನ ಬೆಂಚಿನಲ್ಲಿ ಕೂತು ಕೇಳಿ ಹೇಳಲಿ, ಅದರಂತೆ ಪ್ರತಿ ದನಿಯ ಗಾತ್ರ ಸರಿಮಾಡಿ ಮತ್ತೆ ಉಳಿಸಿ. ವಾದ್ಯ ಹಾಡುವವರ ದನಿಯನ್ನು ಮುಚ್ಚಬಾರದು ಎಂದು ಪವಿತ್ರ ಸಂಗೀತದ ಬಗ್ಗೆ 1967ರಲ್ಲಿ ರೋಮ್ ಹೊರಡಿಸಿದ ನಿರ್ದೇಶನವೂ ಹೇಳುತ್ತದೆ.

ತುಂಬಾ ದನಿ ಒಟ್ಟಿಗೆ: ಕೀಬೋರ್ಡು ಒಂದೇ ಸಲಕ್ಕೆ ಇಷ್ಟೇ ಸ್ವರ ನುಡಿಯಬಲ್ಲದು ಎಂಬ ಮಿತಿ ಇದೆ, ಪಿಎಸ್‌ಆರ್-ಇ463ರಲ್ಲಿ ಅದು 48. ಎರಡು ದನಿ ಕೂಡಿಸಿದರೆ ಒಂದು ಮನೆಗೆ ಕನಿಷ್ಠ ಎರಡು ಸ್ವರ ಖರ್ಚು. ಮೇಲೆ ತಾಳ, ಪೆಡಲ್ ಸೇರಿದರೆ ಹಳೆಯ ಸ್ವರಗಳು ತಾವಾಗಿ ಬಿದ್ದುಹೋಗುತ್ತವೆ.

ಕರೆಂಟು: ಕರೆಂಟು ಹೋಗಿ ಬಂದರೆ ಕೀಬೋರ್ಡು ಮೊದಲಿನ ಪಿಯಾನೊ ದನಿಗೆ ಮರಳುತ್ತದೆ. ರಿಜಿಸ್ಟ್ರೇಶನ್ ಇದ್ದರೆ ಒಂದು ಗುಂಡಿಯಲ್ಲಿ ಎಲ್ಲವೂ ಹಿಂದಕ್ಕೆ. ಉಳಿಸಿದ್ದು ನಿಂತಿದೆಯೇ ಎಂದು ಒಮ್ಮೆ ಆರಿಸಿ ಹಚ್ಚಿ ಪರೀಕ್ಷಿಸಿ. ಬ್ಯಾಟರಿ ಹಾಕುವ ಜಾಗ ಇದ್ದರೆ ಖಾಲಿ ಬಿಡಬೇಡಿ.

ತಾನಾಗಿ ಆರುವುದು: ಯಮಹಾದ ಇ ಸರಣಿಯಂಥ ಕೀಬೋರ್ಡುಗಳು 30 ನಿಮಿಷ ಮುಟ್ಟದಿದ್ದರೆ ತಾವೇ ಆರಿಹೋಗುವಂತೆ ಕಾರ್ಖಾನೆಯಿಂದ ಬರುತ್ತವೆ. ಹಬ್ಬದ ದಿನದ ದೀರ್ಘ ಪ್ರಬೋಧನೆ, ವಿಧಿಗಳ ನಡುವೆ ಇದು ತೊಂದರೆ ಕೊಟ್ಟೀತು. ಎಡತುದಿಯ ಮನೆಯನ್ನು ಒತ್ತಿ ಹಿಡಿದು ಕೀಬೋರ್ಡ್ ಹಚ್ಚಿದರೆ ಆ ಸೌಲಭ್ಯ ನಿಲ್ಲುತ್ತದೆ.

10. ಬೇರೆಯವರ ಕೀಬೋರ್ಡಿನ ಮುಂದೆ ಕೂತಾಗ

ಉಪಕೇಂದ್ರಗಳಿಗೆ, ಬೇರೆ ಧರ್ಮಕೇಂದ್ರದ ಹಬ್ಬಕ್ಕೆ ಹೋದಾಗ ಅಲ್ಲಿನ ವಾದ್ಯ ನಮಗೆ ಹೊಸದು. ಆಗ ನೆನಪಿಡಬೇಕಾದದ್ದು ಜನರಲ್ ಮಿಡಿ ಪಟ್ಟಿ. 1991ರಲ್ಲಿ ಕಂಪನಿಗಳು ಒಪ್ಪಿಕೊಂಡ ಈ ಪಟ್ಟಿಯಲ್ಲಿ 128 ದನಿಗಳಿಗೆ ಸ್ಥಿರವಾದ ಸಂಖ್ಯೆಗಳಿವೆ: ಪಿಯಾನೊ 1, ದೇವಾಲಯದ ಆರ್ಗನ್ 20, ಸ್ಟ್ರಿಂಗ್ಸ್ 49, ಕೊಳಲು 74, ಸಿತಾರ್ 105, ಶಹನಾಯಿ 112. ಕೀಬೋರ್ಡಿನ ಮೇಲಿನ ಸಂಖ್ಯೆ ಬೇರೆ ಇರಬಹುದು. ದನಿಗಳ ಪಟ್ಟಿಯ ಜನರಲ್ ಮಿಡಿ ಭಾಗದಲ್ಲಿ ಈ ಕ್ರಮವೇ ಸಿಗುತ್ತದೆ. ಮೊಬೈಲಿನಿಂದ ತಂತಿ ಹಾಕಿ ದನಿ ಬದಲಿಸುವವರು ಗಮನಿಸಿ: ಮಿಡಿ ಒಳಗೆ ಎಣಿಕೆ ಸೊನ್ನೆಯಿಂದ 127ರವರೆಗೆ. ಹಾಗಾಗಿ ಕೆಲವು ಆ್ಯಪ್‌ಗಳಲ್ಲಿ ಆರ್ಗನ್ 19 ಎಂದೂ ಕೊಳಲು 73 ಎಂದೂ ಕಾಣುತ್ತವೆ.

11. ಕಾಲಕ್ಕೆ ತಕ್ಕ ಜೋಡಣೆ

ಆಗಮನ ಕಾಲದಲ್ಲಿ ವಾದ್ಯಗಳನ್ನು ಮಿತವಾಗಿ ಬಳಸಬೇಕು. ತಪಸ್ಸು ಕಾಲದಲ್ಲಿ ಹಾಡಿಗೆ ಆಸರೆಯಾಗಿ ಮಾತ್ರ ನುಡಿಸಬೇಕು. ಅದರ ನಾಲ್ಕನೇ ಭಾನುವಾರಕ್ಕೆ, ಮಹೋತ್ಸವ ಮತ್ತು ಹಬ್ಬಗಳಿಗೆ ವಿನಾಯಿತಿ ಇದೆ. ಪವಿತ್ರ ಗುರುವಾರದ ಮಹಿಮಾಗೀತೆಯ ನಂತರ ಪಾಸ್ಖ ಜಾಗರಣೆಯ ಮಹಿಮಾಗೀತೆಯವರೆಗೂ ಹಾಗೆಯೇ, ಆಸರೆಗೆ ಮಾತ್ರ. ಮೃತರ ಪೂಜೆಯಲ್ಲಿ ವಾದ್ಯವನ್ನು ಒಂಟಿಯಾಗಿ ನುಡಿಸುವಂತಿಲ್ಲ.

ಇದಕ್ಕಾಗಿ ಬ್ಯಾಂಕ್ 3ನ್ನು ತಪಸ್ಸು ಕಾಲಕ್ಕೆಂದೇ ಇಡಿ. ಅದರಲ್ಲಿ ಎರಡೇ ದನಿ ಸಾಕು: ಹಾರ್ಮೋನಿಯಂ ಮತ್ತು ಮೆತ್ತನೆಯ ಆರ್ಗನ್. ನಲವತ್ತು ದಿನ ಎರಡೇ ದನಿ ಕೇಳಿದ ಜನರಿಗೆ ಪಾಸ್ಖ ಜಾಗರಣೆಯಲ್ಲಿ ಗಂಟೆಗಳೊಡನೆ ಮೂರನೇ ಗುಂಡಿಯ ತುಂಬಿದ ಆರ್ಗನ್ ಎದ್ದಾಗ ಪುನರುತ್ಥಾನದ ಸಂತೋಷ ಕಿವಿಗೂ ತಿಳಿಯುತ್ತದೆ. ವರ್ಷವಿಡೀ ಎಲ್ಲ ದನಿಯನ್ನೂ ಸುರಿದುಬಿಟ್ಟರೆ ಆ ರಾತ್ರಿಗೆ ಏನೂ ಉಳಿದಿರುವುದಿಲ್ಲ.

ಈ ವಾರದ ಅಭ್ಯಾಸ

1. ಮುಂದಿನ ಭಾನುವಾರದ ಗೀತೆಗಳನ್ನು ಕ್ರಮವಾಗಿ ಬರೆದು, ಪ್ರತಿಯೊಂದಕ್ಕೂ ಒಂದು ದನಿ ಆರಿಸಿ. ಐದು ಮೀರಬಾರದು.
2. ಅವನ್ನು ಎರಡು ಬ್ಯಾಂಕಿನಲ್ಲಿ ಉಳಿಸಿ. ಕೀಬೋರ್ಡ್ ಆರಿಸಿ ಹಚ್ಚಿ ಪರೀಕ್ಷಿಸಿ.
3. ಹಾಡದೆ, ನುಡಿಸದೆ, ಗುಂಡಿಗಳನ್ನು ಮಾತ್ರ ಪೂಜೆಯ ಕ್ರಮದಲ್ಲಿ ಹತ್ತು ಸಲ ಒತ್ತಿ. ಕೊನೆಯ ಐದು ಸಲ ಕಣ್ಣು ಮುಚ್ಚಿ.
4. ‘ದಯೆತೋರು’ವಿನ ಕೊನೆಯ ಸಾಲಿನಿಂದ ಮಹಿಮಾಗೀತೆಯ ಮೊದಲ ಸಾಲಿನವರೆಗೆ ಗಾಯಕರೊಂದಿಗೆ ಐದು ಸಲ.
5. ಒಬ್ಬರು ಹಿಂದಿನ ಬೆಂಚಿನಿಂದ ಕೇಳಿ ಗಾತ್ರ ಸರಿಪಡಿಸಲಿ.

ಗುಂಪಿನಲ್ಲಿ ಮಾತಾಡಲು

1. ನಮ್ಮ ಪೂಜೆಯಲ್ಲಿ ಜನ ಹಾಡು ನಿಲ್ಲಿಸುವುದು ಯಾವ ಜಾಗಗಳಲ್ಲಿ? ಅದರಲ್ಲಿ ವಾದ್ಯದ ಪಾಲೆಷ್ಟು?
2. ನಮ್ಮ ಹಿರಿಯರಿಗೆ ಬಾಯಿಪಾಠವಿರುವ ಕನ್ನಡ ಗೀತೆಗಳು ಯಾವುವು? ಅವಕ್ಕೆ ಒಪ್ಪುವ ಶ್ರುತಿ ಯಾವುದು? ಅವರ ಮನೆಗೇ ಹೋಗಿ ಹಾಡಿಸಿ ಬರೆದುಕೊಳ್ಳೋಣವೇ?
3. ತೆಲುಗು ಗಾನವೃಂದದ ಗೆಳೆಯರೊಡನೆ ಒಂದೇ ಜೋಡಣೆ ಇಟ್ಟುಕೊಳ್ಳಲು ಏನು ಮಾಡಬೇಕು?

ಮೂರನೇ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಿ. ಒಂದೇ ಕೀಬೋರ್ಡಿನಲ್ಲಿ ಎರಡು ಭಾಷೆಯ ಗೀತೆಗಳು ಪಕ್ಕಪಕ್ಕದ ಗುಂಡಿಗಳಲ್ಲಿ ಕೂತಿರುತ್ತವೆ. ನಮ್ಮ ಗುಂಡಿಗಳನ್ನು ಅವರೂ, ಅವರ ಗುಂಡಿಗಳನ್ನು ನಾವೂ ಅಳಿಸದೆ ಕಾಪಾಡಿದರೆ ಎರಡು ಭಾಷೆಯವರೂ ತಡವರಿಸದೆ ಹಾಡುತ್ತಾರೆ. ಶನಿವಾರ ಸಂಜೆಯ ಅಭ್ಯಾಸಕ್ಕೆ ಈ ಹಾಳೆಯನ್ನೂ ಕೆಂಪು ಪೆನ್ನನ್ನೂ ತನ್ನಿ. ಅವರನ್ನೂ ಕರೆಯೋಣ.